ಸೊಸೆಯರು ತುಳಿಯಬಾರದ ಗುಡಿ

ಗುಡಿ ಕಟ್ಟಿಸಿದ್ದು ನಮ್ಮ ಮನೆಯವರು, ದೇವಿ ನಮ್ಮ ಮನೆದೇವರು, ಎಡೆಗೆ ತಂಬಿಟ್ಟು ಕಟ್ಟುವವಳು ನಾನು. ಆದರೆ ಆ ಗುಡಿಯ ಹೊಸ್ತಿಲು ಮಾತ್ರ ನಾನು ತುಳಿಯುವ ಹಾಗಿರಲಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಮದುವೆಯಾಗಿ ಹೊಳೆನರಸೀಪುರದ ಹತ್ತಿರದ ಆ ಊರಿಗೆ ಬಂದ ದಿನವೇ ಇದನ್ನು ಹೇಳಿದರು. ಐವತ್ತರ ದಶಕದ ಮಾತು. ಹೊಸ ಮದುಮಗಳು, ತಲೆ ಬಗ್ಗಿಸಿ ಹೂಂ ಅಂದೆ. ಆಮೇಲೆ ಎಷ್ಟು ಉರಿದುಕೊಂಡೆನೋ ನನಗೇ ಗೊತ್ತು.

ಹಿಂದೆ ಈ ಮನೆಯ ಸೊಸೆಯೊಬ್ಬಳು ಗದ್ದೆಗೆ ಬುತ್ತಿ ಹೊತ್ತು ಹೋಗುವಾಗ ಹೊಂಗೆಮರದ ಕೆಳಗೆ ಯಾರೋ ಹೆಂಗಸು ಕೂತಿದ್ದಳಂತೆ. ದಣಿವಾರಿಸಿಕೊಂಡು ಮುಂದಿನ ಊರಿಗೆ ಹೋಗುತ್ತೇನೆ ಅಂದಳಂತೆ. ಅವಳು ಕಣ್ಣು ಮಿಟುಕಿಸದಿರುವುದನ್ನು ಕಂಡು ಸೊಸೆಗೆ ಇದು ದೇವಿ ಎಂದು ತಿಳಿಯಿತು. ‘ಮಡ್ಲಕ್ಕಿ ತತ್ತೀನಿ, ನಾನು ಬರಗಂಟ ಏಳ್ಬ್ಯಾಡ’ ಎಂದು ಮಾತು ತೆಗೆದುಕೊಂಡು ಮನೆಗೆ ಬಂದವಳು, ಗಂಡನಿಗೆ ವಿಷಯ ಹೇಳಿ, ಬಾವಿಗೆ ಹಾರಿಕೊಂಡಳು. ಅವಳು ತಿರುಗಿ ಹೋಗಲಿಲ್ಲ, ದೇವಿ ಏಳಲಿಲ್ಲ. ಅಲ್ಲೇ ಗುಡಿ ಎದ್ದಿತು. ಈಗ ಈ ಮನೆಯ ಸೊಸೆ ಯಾರೇ ಒಳಗೆ ಕಾಲಿಟ್ಟರೂ, ಅವಳೇ ಬಂದಳೆಂದು ದೇವಿ ಎದ್ದು ಹೊರಟುಬಿಡುತ್ತಾಳಂತೆ. ಮನೆಯ ಹೆಣ್ಣುಮಕ್ಕಳು ಹೋಗಬಹುದು, ಗಂಡಸರು ಹೋಗಬಹುದು, ಊರಿಗೆ ಊರೇ ಹೋಗಬಹುದು. ಬೇಯಿಸಿ ಕಳಿಸುವವಳು ಮಾತ್ರ ಜಗಲಿಯಲ್ಲಿ ನಿಂತು ಗಂಟೆ ಸದ್ದು ಕೇಳಬೇಕು.

‘ದೇವಿ ಹೇಗಿದ್ದಾಳೆ?’ ಎಂದು ಯಜಮಾನರನ್ನು ಕೇಳಿದರೆ, ‘ದೇವ್ರಂಗವ್ಳೆ ಕಣಮ್ಮಿ’ ಅನ್ನುತ್ತಿದ್ದರು. ದಿನಾ ಕೈಮುಗಿದು ಬರುವ ಆಸಾಮಿಗೆ ಮೂಗುತಿ ಎಡಕ್ಕೋ ಬಲಕ್ಕೋ ಅನ್ನುವುದೂ ಗೊತ್ತಿರಲಿಲ್ಲ!

ನನ್ನ ಮಗಳಿಗೆ ಸಿಡುಬು ಬಂದಾಗ, ಮಗು ಉಳಿದರೆ ನನ್ನ ಕೈಯಾರೆ ಮಡಿಲಕ್ಕಿ ಕೊಡುತ್ತೇನೆಂದು ಹರಕೆ ಹೊತ್ತೆ. ಮಗು ಉಳಿಯಿತು. ಯಜಮಾನರು ಹಳ್ಳಿಮೈಸೂರಿನಲ್ಲಿದ್ದ ತಂಗಿಗೆ ಹೇಳಿಕಳಿಸಿದರು, ಅವಳು ಬಂದು ಕೊಟ್ಟುಹೋಗಲಿ ಎಂದು. ಮಗು ನನ್ನದು, ಹರಕೆ ನನ್ನದು, ಕೈ ನಾದಿನಿಯದು! ಕೈಯಾರೆ ಎಂದು ಹೇಳಿದ ಮಾತು ತಪ್ಪಿದರೆ ಮಗುವಿಗೆ ಮತ್ತೇನಾದರೂ ಆದೀತೆಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಯಜಮಾನರು ಗಾಡಿಗೆ ತೆಂಗಿನಕಾಯಿ ಹೇರಿಕೊಂಡು ಹೊಳೆನರಸೀಪುರಕ್ಕೆ ಹೋಗಿದ್ದ ದಿನ ಅತ್ತೆಯ ಮುಂದೆ ರೇಗಿಬಿಟ್ಟೆ. ‘ಸೊಸೆ ಮುಖ ಕಂಡ್ರೆ ಎದ್ದೋಗೋ ದೇವ್ರು ಓಗ್ಲಿ ಬುಡಿ ಅತ್ತೆ!’

ಅತ್ತೆ ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

‘ಮೂಗ್ತಿ ಎಡಕ್ಕೈತೆ. ಬಲಗೆನ್ನೆ ವಸಿ ಸವ್ದೈತೆ,’ ಅಂದರು.

‘ನಿಮಗೆಂಗೆ ಗೊತ್ತು?’

‘ನಿನ್ ಗಂಡುಂಗೂ ಚಿಕ್ಕುಡ್ಗನಾಗಿದ್ದಾಗ ಸಿಡುಬಾಗಿತ್ತು. ನಾನೇ ಓಗಿ ಮಡ್ಲಕ್ಕಿ ಕೊಟ್ಬಂದೆ. ಯಾರ್ಗೂ ಏಳ್ನಿಲ್ಲ.’

‘ಮತ್ತೆ ದೇವಿ?’

‘ಓದ್ಳೋ, ಅಲ್ಲೇ ಅವ್ಳೋ, ಕಂಡೋರ್ಯಾರು? ಮಗ ಉಳ್ಕಂಡ.’

ಇಷ್ಟು ವರ್ಷ ಖಾಲಿ ಗುಡಿಗೆ ತಂಬಿಟ್ಟು ಕಟ್ಟಿದೆನೇನೋ ಎಂದು ನಗು ಬಂತು. ಇದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ನನ್ನನ್ನು ಜಗಲಿಯಲ್ಲಿ ನಿಲ್ಲಿಸಿದ ಅತ್ತೆಯ ಮೇಲೆ ಸಿಟ್ಟೂ ಬಂತು. ಅವರು ಎದ್ದು ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ತಂದು ನನ್ನ ಸೆರಗಿಗೆ ಹಾಕಿದರು. ‘ಬ್ಯಾಗ ಬಂದ್ಬುಡವ್ವ’ ಅಂದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟೆ.

ಗುಡಿಯಲ್ಲಿ ಯಾರೂ ಇರಲಿಲ್ಲ. ಮೂಗುತಿ ಎಡಕ್ಕೇ ಇತ್ತು. ಮಡಿಲಕ್ಕಿಯನ್ನು ದೇವಿಯ ಮುಂದೆ ಸುರಿದೆ. ಹರಕೆಯ ಮಾತು ಹೇಳಬೇಕೆಂದು ಹೋದವಳಿಗೆ ಬಾಯಿಗೆ ಬಂದದ್ದು ಬೇರೆ.

‘ತಡವಾಯ್ತು ಕಣವ್ವ,’ ಅಂದೆ.