ಜಡ್ಜಮ್ಮ ನೋಡದ ಟೈಲ್ಸು

ನಮ್ಮ ಭಾವ ಸಾಲ್ವು ಫರೂಜಿಯಾ ಆಸ್ಟ್ರೇಲಿಯಾದ ವೊಲೊಂಗಾಂಗ್‌ನಲ್ಲಿ ಮೂವತ್ತು ವರ್ಷದಿಂದ ಟೈಲ್ಸ್ ಹಾಕುತ್ತಿದ್ದಾರೆ. ಹಾಕಿದ ಒಂದೊಂದನ್ನೂ ಐವತ್ತು ಸೆಂಟಿನ ನಾಣ್ಯದಿಂದ ತಟ್ಟಿ ಕಿವಿಗೊಡುತ್ತಾರೆ. ಸದ್ದು ಟೊಳ್ಳಾಗಿ ಕೇಳಿದರೆ ಅಡಿಯಲ್ಲಿ ಗಾರೆ ಹಿಡಿದಿಲ್ಲವೆಂದು ಕಿತ್ತು ಮತ್ತೆ ಕೂರಿಸುತ್ತಾರೆ.

ಅಂಥವರ ಕೆಲಸವೇ ಟೊಳ್ಳೆಂದು ಒಬ್ಬ ಬಿಲ್ಡರ್ ದುಡ್ಡು ತಡೆಹಿಡಿದ. ಇಂಥ ಜಗಳ ಬೇಗ ಬಗೆಹರಿಸಲೆಂದೇ ಇರುವ ತೀರ್ಪುಗಾರರು ಎರಡು ವಾರದಲ್ಲಿ ಭಾವನ ಕಡೆ ತೀರ್ಪು ಕೊಟ್ಟರು. ಆ ಪುಣ್ಯಾತ್ಮ ಅದನ್ನೂ ಒಪ್ಪದೆ ಸಿಡ್ನಿಯ ದೊಡ್ಡ ಕೋರ್ಟಿಗೆ ಹೋದ.

ಅವನ ವಕೀಲರು ಮೂರು ಟೈಲ್ಸಿನ ಫೋಟೋ ಮುಂದಿಟ್ಟಿದ್ದೇ ತಡ, ಜಡ್ಜಮ್ಮ ಕೈ ಅಡ್ಡ ಹಿಡಿದರು.

"ಟೈಲ್ಸ್ ಹೇಗಿದೆ ಅಂತ ನೋಡೋದು ನನ್ನ ಕೆಲಸ ಅಲ್ಲ. ತೀರ್ಪುಗಾರರು ಲೆಕ್ಕ ತಪ್ಪೇ ಹಾಕಿರ್ಲಿ, ತೀರ್ಪು ಕೊಡೋ ಅಧಿಕಾರ ಅವರಿಗಿತ್ತಾ, ನಾನು ನೋಡೋದು ಅಷ್ಟೇ."

ಅಧಿಕಾರ ಇತ್ತು. ನಾವು ಗೆದ್ದೆವು, ದುಡ್ಡೂ ಬಂತು.

ಶನಿವಾರ ಬೆಳಿಗ್ಗೆ ಗೆದ್ದ ಖುಷಿಗೆ ಬಿಯರು, ಮೀನು ತೆಗೆದುಕೊಂಡು ಭಾವನ ಮನೆಗೆ ಹೋದರೆ ಅವರು ಗಾಡಿಗೆ ಸಾಮಾನು ತುಂಬುತ್ತಿದ್ದರು.

"ಎಲ್ಲಿಗೆ ಭಾವಾ, ಹಬ್ಬದ ದಿನ?"

"ಆ ಬಿಲ್ಡಿಂಗಿಗೆ. ಫೋಟೋದಲ್ಲಿದ್ದ ಮೂರು ಟೈಲ್ಸು ತಟ್ಟಿ ನೋಡ್ಬೇಕು."

"ನಿಮಗೇನು ತಲೆ ಕೆಟ್ಟಿದ್ಯಾ? ಕೋರ್ಟೇ ನೋಡಲ್ಲ ಅಂದಿದೆ!"

"ಅದಕ್ಕೇ ಕಣೋ," ಎಂದು ಭಾವ ಜೇಬಿನಲ್ಲಿ ನಾಣ್ಯ ಇದೆಯೇ ಎಂದು ತಡವಿಕೊಂಡರು. "ಇನ್ಯಾರು ನೋಡ್ತಾರೆ?"

ಮೂರರಲ್ಲಿ ಒಂದು ಟೊಳ್ಳಾಗಿತ್ತು. ಬೈಯುತ್ತಾ ಬೈಯುತ್ತಾ ಗಾರೆ ಕಲಸಿಕೊಟ್ಟವನು ನಾನೇ.