ಪೆನ್ಸಿಲಕ್ಕ ಒಪ್ಪ ಮಾಡದ ಮಾತು

ಸದನದ ನಡುಮಧ್ಯೆ, ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಉದ್ದನೆಯ ಮೇಜಿದೆ. ಅದರ ಎಡತುದಿಯಲ್ಲಿ ಕೂತು, ಯಾರು ಏನು ಮಾತಾಡಿದರೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಪೆನ್ಸಿಲಕ್ಕನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು. ಮನೆಯಲ್ಲಿಟ್ಟ ಹೆಸರು ಬೇರೆಯೇ ಇದೆ. ಆದರೆ ಸದಸ್ಯರಿಂದ ಹಿಡಿದು ಬಾಗಿಲು ಕಾಯುವವರ ತನಕ ಎಲ್ಲರ ಬಾಯಲ್ಲೂ ಅವಳು ಪೆನ್ಸಿಲಕ್ಕ. ಪೆನ್ನು ಅರ್ಧ ಮಾತಿನಲ್ಲಿ ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ ಎನ್ನುವುದು ಅವಳ ವಾದ. ಬೆಳಗ್ಗೆ ಆರು ಪೆನ್ಸಿಲ್ ಚೂಪು ಮಾಡಿಕೊಂಡು ಬಂದರೆ ಸಂಜೆಗೆ ಆರೂ ಮೊಂಡಾಗಿರುತ್ತಿದ್ದವು.

ವರದಿಗಾರರದು ಹತ್ತು ಹತ್ತು ನಿಮಿಷದ ಪಾಳಿ. ಹತ್ತು ನಿಮಿಷ ಬರೆದುಕೊಳ್ಳುವುದು, ಹಿಂದಿನ ಕೋಣೆಗೆ ಹೋಗಿ ಟೈಪು ಮಾಡುವುದು, ಮತ್ತೆ ಬಂದು ಕೂರುವುದು. ಟೈಪು ಮಾಡುವಾಗ ಒಂದು ಗುಟ್ಟಿನ ಕೆಲಸ ನಡೆಯುತ್ತದೆ. ಆ ಕೋಣೆಯವರು ಅದನ್ನು 'ಒಪ್ಪ ಮಾಡುವುದು' ಎನ್ನುತ್ತಾರೆ. ಸದಸ್ಯರು ಅರ್ಧಕ್ಕೇ ಬಿಟ್ಟ ವಾಕ್ಯಕ್ಕೆ ಬಾಲ ಅಂಟಿಸುವುದು, ತಲೆಬುಡವಿಲ್ಲದ ಮಾತಿಗೆ ತಲೆ ಬುಡ ಎರಡೂ ಕೊಡುವುದು, ಕೋಪದಲ್ಲಿ ಜಾರಿದ ಕೆಟ್ಟ ಪದವನ್ನು ನಯವಾಗಿ ಬದಲಾಯಿಸುವುದು. ನಿಯಮದ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಆಡಿದ್ದನ್ನು ಆಡಿದಂತೆ ಬರೆಯಬೇಕು ಎಂದೇ ಅದು ಹೇಳುತ್ತದೆ. ಆದರೆ ಹಾಗೆ ಬರೆದರೆ ಅರ್ಧ ಸದನ ಊರಿಗೆ ಮುಖ ತೋರಿಸುವಂತಿಲ್ಲ. ಅದಕ್ಕೇ ಎಲ್ಲರೂ ಒಪ್ಪ ಮಾಡುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ.

ಈ ವಿದ್ಯೆಯ ಪೂರ್ತಿ ಲಾಭ ಉಂಡವರು ಗುಡುಗು ಸಾಹೇಬರು. ಹದಿನೆಂಟು ವರ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತು ಮೇಜು ಗುದ್ದಿ ಗುದ್ದಿ ಸಂಪಾದಿಸಿದ ಹೆಸರು ಅದು. ಗಂಟಲು ಅವರದೇ, ಅದರಲ್ಲಿ ಎರಡು ಮಾತಿಲ್ಲ. ವಾಕ್ಯ ಮಾತ್ರ ಪೆನ್ಸಿಲಕ್ಕನದು. "ಬಡವ ಅಂದ್ರೆ, ಅಂದ್ರೆ ಅವನೂ, ನೋಡಿ ಸ್ವಾಮಿ, ಹೆಂಗೆ?" ಎಂದು ಅವರು ಕೂಗಿದರೆ, ಅಚ್ಚಾದ ವರದಿಯಲ್ಲಿ "ಬಡವನೂ ನಮ್ಮಂತೆಯೇ ಮನುಷ್ಯ ಎನ್ನುವುದನ್ನು ಈ ಸರ್ಕಾರ ಮರೆತಿದೆ" ಎಂದಿರುತ್ತಿತ್ತು. ಅವರ ಭಾಷಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿದರು. ಮುನ್ನುಡಿಯಲ್ಲಿ ಕಾರು ಓಡಿಸುವವನಿಗೂ ಕೃತಜ್ಞತೆ ಇತ್ತು, ಪೆನ್ಸಿಲಕ್ಕನಿಗೆ ಇರಲಿಲ್ಲ. ಅವಳಿಗೆ ಅದು ಬೇಸರ ತಂದಿರಲಿಲ್ಲ. ನನ್ನ ಕೈಕೂಸು ಬೆಳೆಯುತ್ತಿದೆ ಎಂದು ಒಳಗೊಳಗೇ ಬೀಗಿದ್ದಳು, ಪೆದ್ದಿ.

ಅವರ ಮೇಲೆ ಭರವಸೆ ಇಡಲು ಇನ್ನೊಂದು ಕಾರಣವೂ ಇತ್ತು. ಅವಳ ತಮ್ಮನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಅವನು ವಾಚು ರಿಪೇರಿಯವನು. ಅಕ್ಕನ ಕೈಗಡಿಯಾರವನ್ನು ವಾರಕ್ಕೊಮ್ಮೆ ತಾನೇ ತಿರುವಿ, ಸದನದ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿಡುತ್ತಿದ್ದ. ಅಕ್ಕ ತಮ್ಮ ಒಟ್ಟಿಗಿದ್ದದ್ದು ರಾಜಧಾನಿಯ ಪಕ್ಕದ ಒಂದು ಸಣ್ಣ ಊರಿನಲ್ಲಿ, ಅಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ಇರಲಿಲ್ಲ. ರಾಜಧಾನಿಯಲ್ಲಿ ಸರದಿ ಸಿಗಲಿಲ್ಲ. ಸಿಕ್ಕಿದ್ದು ಎರಡೂವರೆ ಗಂಟೆ ಬಸ್ಸಿನ ದಾರಿಯ ಇನ್ನೊಂದು ಊರಿನಲ್ಲಿ. ವಾರಕ್ಕೆ ಮೂರು ಸಲ, ಕಂದು ಚೀಲದಲ್ಲಿ ಒಂದು ಹೊದಿಕೆ, ಒಂದು ಊಟದ ಡಬ್ಬಿ ಹಾಕಿಕೊಂಡು ಹೋಗಿ ಬರುತ್ತಿದ್ದ. ಚುನಾವಣೆಗೆ ಮುಂಚೆ ಗುಡುಗು ಸಾಹೇಬರು ಓಟು ಕೇಳಲು ಅವಳ ಮನೆಗೇ ಬಂದರು. ಅಡುಗೆಮನೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮನ ಹೆಗಲ ಮೇಲೆ ಕೈಯಿಟ್ಟರು.

"ನಮ್ಮ ಸರ್ಕಾರ ಬರ್ಲಿ ಕಣಯ್ಯಾ. ಮೊದಲನೇ ಬಜೆಟ್ಟಲ್ಲೇ ನಿಮ್ಮೂರಿಗೆ ಎಂಟು ಮಷೀನು. ನಡ್ಕೊಂಡು ಹೋಗಿ ನಡ್ಕೊಂಡು ಬರುವೆಯಂತೆ" ಎಂದರು.

ಆ ಒಂದು ಮಾತನ್ನು ಒಪ್ಪ ಮಾಡುವ ಅಗತ್ಯವೇ ಇರಲಿಲ್ಲ.

ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ದೊಡ್ಡ ಪಕ್ಷವೊಂದು ಗುಡುಗು ಸಾಹೇಬರ ಸಣ್ಣ ಪಕ್ಷವನ್ನು ಜೊತೆಗೆ ಸೇರಿಸಿಕೊಂಡಿತು, ಅವರು ಅರ್ಥಸಚಿವರಾದರು. ಮೊದಲ ಬಜೆಟ್ಟಿನ ಕರಡಿನಲ್ಲಿ ಎಂಟು ಯಂತ್ರ ಇದ್ದವು. ಮಂಡನೆಯ ಹಿಂದಿನ ದಿನ ಪಾಲುದಾರರು ಒಟ್ಟಿಗೆ ಕೂತು ಎದ್ದರು. ಮರುದಿನ ಓದಿದ ಬಜೆಟ್ಟಿನಲ್ಲಿ ಯಂತ್ರಗಳಿರಲಿಲ್ಲ. ದೊಡ್ಡ ಪಕ್ಷದ ನಾಯಕನ ಊರಿನ ಆಟದ ಮೈದಾನಕ್ಕೆ ಚಾವಣಿ ಬಂದಿತ್ತು. ಪೆನ್ಸಿಲಕ್ಕ ಅದನ್ನು ತನ್ನ ಕೈಯಾರೆ ಬರೆದುಕೊಂಡಳು. ನಾಲ್ಕು ತಿಂಗಳಾದ ಮೇಲೆ, ಒಂದು ಗುರುವಾರ, ಅವಳ ತಮ್ಮ ಬಸ್ಸಿನಲ್ಲೇ ಹೋಗಿಬಿಟ್ಟ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಿಟಕಿಗೆ ತಲೆಯಾನಿಸಿ ಕೂತವನು ಏಳಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡ ಕಂಡಕ್ಟರು ಎರಡು ಸಲ ಕೂಗಿದನಂತೆ.

ನಾಲ್ಕು ದಿನ ರಜೆ ಹಾಕಿ ಅವಳು ಕೆಲಸಕ್ಕೆ ಮರಳಿದಳು. ಮೇಜಿನ ಮೇಲೆ ಸಚಿವರ ಚೀಟಿ ಕಾದಿತ್ತು. 'ಅಕ್ಕಾ, ಎಲ್ಲಿ ಹೋಗಿದ್ರಿ? ಮೊನ್ನೆಯ ನನ್ನ ಮಾತು ಬೇರೆ ಯಾರೋ ಬರೆದು ಹಾಳು ಮಾಡಿದ್ದಾರೆ. ಸ್ವಲ್ಪ ಒಪ್ಪ ಮಾಡಿಬಿಡಿ.'

ಅವಳು ಒಪ್ಪ ಮಾಡಿಕೊಟ್ಟಳು. ಆದರೆ ಚೀಟಿಯನ್ನು ಎಸೆಯಲಿಲ್ಲ, ಮಡಿಸಿ ಕೈಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡಳು. ಅವಳಿಗೆ ಶಾಪ ಹಾಕಲು ಬರುವುದಿಲ್ಲ, ಕಲ್ಲು ತೂರಲು ಬರುವುದಿಲ್ಲ. ಬರುವುದು ಬರೆಯಲು ಒಂದೇ. ನಿನ್ನನ್ನು ಮಾತುಗಾರ ಮಾಡಿದ್ದು ಈ ಕೈ, ಮುಗಿಸುವುದೂ ಇದೇ ಕೈ ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು. ಹೊಟ್ಟೆಯೊಳಗಿನ ಬೆಂಕಿಯನ್ನು ಒಂದು ಕಿಡಿ ಹೊರಗೆ ಹಾರದಂತೆ ಕಾಪಾಡಿಕೊಂಡು ಎಂಟು ತಿಂಗಳು ಕಾದಳು. ಅಲ್ಲಿಯವರೆಗೂ ಅವರ ಮಾತನ್ನು ಎಂದಿಗಿಂತ ಚೆನ್ನಾಗಿ ಒಪ್ಪ ಮಾಡಿದಳು. ಅವರು ಮೈಮರೆಯಬೇಕಿತ್ತಲ್ಲ!

ಎರಡನೇ ಬಜೆಟ್ ಬಂತು. ಸಚಿವರು ಉತ್ತರ ಕೊಡುವ ದಿನ ಪೆನ್ಸಿಲಕ್ಕ ಜೊತೆಯ ವರದಿಗಾರನಿಗೆ, "ಇವತ್ತು ಅವರ ಮಾತಿಗೆಲ್ಲಾ ನಾನೇ ಕೂರ್ತೀನಪ್ಪಾ" ಎಂದಳು.

"ಸತತ ನಲವತ್ತು ನಿಮಿಷನಾ? ಕೈ ಬಿದ್ದುಹೋಗುತ್ತೆ ಅಕ್ಕಾ."

"ಬಿದ್ರೆ ಎತ್ಕೊತೀನಿ ಬಿಡು."

ಆ ದಿನ ವಿರೋಧ ಪಕ್ಷದವರು ಕಾಲು ಕೆರೆದುಕೊಂಡೇ ಬಂದಿದ್ದರು. ಮುಂದಿದ್ದವರು ಟೀಚರಮ್ಮ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ರಾಜಕೀಯಕ್ಕೆ ಬಂದ ಹೆಂಗಸು. ಹಿಂದಿನ ಬೆಂಚಿನ ಪಿಸುಮಾತನ್ನೂ ಹಿಡಿಯುವ ಕಿವಿ.

"ಸಭಾಧ್ಯಕ್ಷರೇ, ಇವರ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದು, ಪಾಲುದಾರರ ಜೊತೆ ಕೂತು ಎದ್ದ ಮೇಲೆ ಉಳಿದದ್ದು ಇನ್ನೊಂದು. ಕುರ್ಚಿ ಉಳಿಸ್ಕೊಳ್ಳೋಕೆ ಯಾರ್ಯಾರ ಬಾಯಿಂದ ಏನೇನು ಕಿತ್ಕೊಂಡ್ರಿ, ಪಟ್ಟಿ ಕೊಡಿ. ಹೋಗ್ಲಿ, ಒಂದೇ ಹೇಳಿ. ಆ ಎಂಟು ಡಯಾಲಿಸಿಸ್ ಯಂತ್ರ ಎಲ್ಲಿ ಹೋದ್ವು? ಮೈದಾನದ ಚಾವಣಿ ಮೇಲೆ ಕೂತಿದಾವಾ?"

ವಿರೋಧ ಪಕ್ಷದವರು ಸಾಲು ಸಾಲಾಗಿ ಮೇಜು ಬಡಿದರು. ಸಚಿವರು ಎದ್ದರು. "ಅದೇನು ಅಂದ್ರೆ, ಮಷೀನು ಅನ್ನೋದು ಈಗ, ಅಂದ್ರೆ, ರಾಜಿ ಅಲ್ಲ ಅದು, ಹೊಂದಾಣಿಕೆ, ಅದು ಬೇರೆ, ಇದು, ಒಟ್ನಲ್ಲಿ ಮುಂದೆ ನೋಡೋಣ" ಎಂದು ತಡವರಿಸಿ ಕೂತರು. ಕೂತೊಡನೆ ಮೈಕು ಆರಿತು. ಪಕ್ಕದವರ ಕಡೆ ಬಾಗಿ ಗೊಣಗಿದರು: "ಅಲ್ಲಿರೋದೇ ಎಪ್ಪತ್ತು ಜನ ರೋಗಿಗಳು. ಮುಂದಿನ ಎಲೆಕ್ಷನ್ ತನಕ ಅವರಲ್ಲಿ ಎಷ್ಟು ಜನ ಉಳಿದಿರ್ತಾರೆ ಬಿಡ್ರೀ."

ಪೆನ್ಸಿಲಕ್ಕನ ಕೈ ನಿಲ್ಲಲಿಲ್ಲ. ಎಪ್ಪತ್ತರಲ್ಲಿ ಒಬ್ಬ ಆಗಲೇ ಕಡಿಮೆಯಾಗಿದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೂತಲ್ಲಿಂದ ಗೊಣಗಿದ ಮಾತನ್ನು ವರದಿಗೆ ಸೇರಿಸುವಂತಿಲ್ಲ. ಅದಕ್ಕೆ ಸದನದಲ್ಲಿ ಯಾರಾದರೂ ಎದ್ದು ಉತ್ತರ ಕೊಟ್ಟರೆ ಮಾತ್ರ ಅದು ನಡಾವಳಿಗೆ ಸೇರುತ್ತದೆ. ಅವಳು ಪೆನ್ಸಿಲ್ ಹಿಡಿದು ಟೀಚರಮ್ಮನ ಮುಖ ನೋಡಿದಳು. ಏಳು ತಾಯೀ ಎಂದು ಮನಸ್ಸಿನಲ್ಲೇ ಬೇಡಿದಳು.

ಟೀಚರಮ್ಮ ಎದ್ದರು. "ರೋಗಿಗಳು ಎಷ್ಟು ಜನ ಉಳಿದಿರ್ತಾರೆ ಅಂದ್ರಾ? ಎದ್ದು ನಿಂತು ಹೇಳ್ರೀ ಅದನ್ನ!"

ಗದ್ದಲ ಎದ್ದಿತು. ಸಚಿವರು ಕೈಯಾಡಿಸಿ ನಕ್ಕುಬಿಟ್ಟರು. ಪೆನ್ಸಿಲಕ್ಕ ಎರಡನ್ನೂ ಬರೆದುಕೊಂಡಳು.

ಹಿಂದಿನ ಕೋಣೆಯಲ್ಲಿ ಮುಖ್ಯ ವರದಿಗಾರರು ಆ ಪುಟ ಓದಿ ಕನ್ನಡಕ ತೆಗೆದರು. "ಇದು ಹೀಗೇ ಹೋಗ್ಬೇಕಾ? ಕೂತಾಗ ಆಡಿದ್ದು ಧ್ವನಿಮುದ್ರಣದಲ್ಲಿ ಇಲ್ಲ. ಅವರು ಇಲ್ಲ ಅಂದ್ರೆ ನಿನ್ನ ಕೆಲಸ ಹೋಗುತ್ತೆ, ಪಿಂಚಣಿನೂ ಹೋಗುತ್ತೆ."

"ನಿಯಮ ಏನು ಹೇಳುತ್ತೆ ಸಾರ್?"

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಹೀಗೇ ಹೋಗ್ಬೇಕು ಅಂತ್ಲೇ ಹೇಳುತ್ತೆ. ಇಷ್ಟು ವರ್ಷ ನಾವು ಮಾಡಿದ್ದೇ ತಪ್ಪು" ಎಂದು ಮೊಹರು ಒತ್ತಿದರು.

ಅಚ್ಚಿಗೆ ಹೋಗುವ ಮುಂಚೆ ಮಾತಾಡಿದವರು ತಮ್ಮ ಮಾತನ್ನು ಓದಿ, ಸರಿಯಿದೆ ಎಂದು ಸಹಿ ಹಾಕಬೇಕು. ಜವಾನನ ಕೈಯಲ್ಲಿ ಕಳಿಸುವ ಕಾಗದವನ್ನು ಅಂದು ಪೆನ್ಸಿಲಕ್ಕ ತಾನೇ ಹಿಡಿದುಕೊಂಡು ಸಚಿವರ ಕೊಠಡಿಗೆ ಹೋದಳು. ಅವರು ಫೋನಿನಲ್ಲಿದ್ದರು, ಎಡಗೈಯಲ್ಲೇ ಕಾಗದ ಎಳೆದುಕೊಂಡರು.

"ಒಂದ್ಸಲ ಓದಿ ಸಾರ್" ಎಂದಳು.

"ನೀವು ಬರೆದ ಮೇಲೆ ಓದೋದೇನಕ್ಕಾ!"

"ಈ ಸಲ ಸ್ವಲ್ಪ ಓದಿದ್ರೆ ಒಳ್ಳೇದು."

"ಅಯ್ಯೋ, ನನಗಿಂತ ಚೆನ್ನಾಗಿ ನನ್ನ ಮಾತು ನಿಮಗೆ ಗೊತ್ತು" ಎನ್ನುತ್ತಲೇ ಆರೂ ಪುಟಕ್ಕೆ ಸಹಿ ಗೀಚಿದರು. ಎರಡು ಸಲ ಹೇಳಿದ್ದೇನೆ, ಮೂರನೆಯ ಸಲ ಹೇಳುವ ಋಣ ನನಗಿಲ್ಲ ಎಂದುಕೊಂಡು ಅವಳು ಕಾಗದ ತೆಗೆದುಕೊಂಡು ಬಂದಳು. ಕೊಠಡಿಯ ಹೊರಗಿನ ಮೊಗಸಾಲೆಯಲ್ಲಿ ನಡೆಯುವಾಗ ಅವಳಿಗಾದ ಸಂತೋಷ ಒಳ್ಳೆಯ ಹೆಂಗಸಿಗೆ ಆಗಬಾರದಂಥದು. ಆಯಿತು, ಏನು ಮಾಡುವುದು.

ಮರುದಿನ ಟೀಚರಮ್ಮ ಅಚ್ಚಾದ ವರದಿಯನ್ನು ಎತ್ತಿ ಹಿಡಿದು, ತರಗತಿಯಲ್ಲಿ ಪಾಠ ಓದಿದಂತೆ ನಿಧಾನವಾಗಿ ಓದಿದರು. 'ಅದೇನು ಅಂದ್ರೆ, ಮಷೀನು ಅನ್ನೋದು ಈಗ, ಅಂದ್ರೆ' ಎನ್ನುವಾಗ ಸದನ ಬಿದ್ದು ಬಿದ್ದು ನಕ್ಕಿತು, ಆಡಳಿತದ ಸಾಲೂ ಸೇರಿ. ನಂತರ ಎಪ್ಪತ್ತು ರೋಗಿಗಳ ಮಾತು ಓದಿದರು. ಯಾರೂ ನಗಲಿಲ್ಲ.

ಸಚಿವರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. "ಇದು ಸುಳ್ಳು! ನಾನು ಹೇಳೇ ಇಲ್ಲ! ವರದಿಗಾರ್ತಿ ಸುಳ್ಳು ಬರೆದಿದಾಳೆ!"

ಮೇಜಿನಲ್ಲಿ ಆಗ ಅವಳದೇ ಪಾಳಿ. 'ವರದಿಗಾರ್ತಿ ಸುಳ್ಳು ಬರೆದಿದಾಳೆ' ಎನ್ನುವುದನ್ನೂ ಒಂದಕ್ಷರ ಬಿಡದೆ ಬರೆದುಕೊಂಡಳು.

ಸಭಾಧ್ಯಕ್ಷರು ಮೂಲ ಪ್ರತಿ ತರಿಸಿದರು. "ಪ್ರತಿ ಪುಟದಲ್ಲೂ ನಿಮ್ಮ ಸಹಿ ಇದೆಯಲ್ಲಾ ಸಚಿವರೇ. ನಾಳೆ ಹನ್ನೊಂದಕ್ಕೆ ವಿವರಣೆ ಕೊಡಿ" ಎಂದರು. ದೊಡ್ಡ ಪಕ್ಷದ ನಾಯಕ ಆಗಲೇ ಬೇರೆ ಕಡೆ ಮುಖ ತಿರುಗಿಸಿದ್ದ. ರಾಜಿ ಮಾಡಿಕೊಂಡವರ ಪರ ವಾದ ಮಾಡುವುದು ರಾಜಿಯ ಷರತ್ತಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಪೆನ್ಸಿಲಕ್ಕನ ಮನೆಯ ಬಾಗಿಲು ಬಡಿದ ಸದ್ದಾಯಿತು. ಗುಡುಗು ಸಾಹೇಬರು, ಒಬ್ಬರೇ. ಬಂದವರು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಡುಗೆಮನೆಯ ಬಾಗಿಲಿನಲ್ಲಿ ತಮ್ಮನ ಹೆಂಡತಿ ಬಂದು ನಿಂತಳು.

"ಅಕ್ಕಾ, ಗದ್ದಲದಲ್ಲಿ ತಪ್ಪು ಕೇಳಿಸ್ತು ಅಂತ ಒಂದು ಸಾಲು ಬರ್ಕೊಡಿ. ನಿಮ್ಮ ಕೆಲಸಕ್ಕೆ ಏನೂ ಆಗದ ಹಾಗೆ ನಾನು ನೋಡ್ಕೊತೀನಿ." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಸಂಕಟ ನನಗೆ ಗೊತ್ತಿಲ್ವಾ? ನಿಮ್ಮ ತಮ್ಮ ಇನ್ನು ಬಸ್ಸಲ್ಲಿ ಓಡಾಡೋದು ಬೇಡ. ವಾರಕ್ಕೆ ಮೂರು ದಿನಾನೂ ನಾನೇ ಕಾರು ಕಳಿಸ್ತೀನಿ. ಎಲ್ಲಿ ಅವನು, ಕರೀರಿ, ನಾನೇ ಹೇಳ್ತೀನಿ."

ಪೆನ್ಸಿಲಕ್ಕ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು, ಅವರ ಮಾತನ್ನು ಬರೆದಳು. ಶೀಘ್ರಲಿಪಿಯಲ್ಲಲ್ಲ, ಎಲ್ಲರೂ ಓದುವ ದುಂಡಕ್ಷರದಲ್ಲಿ. ತಮ್ಮನ ಹೆಂಡತಿ ಒಳಗೆ ಹೋಗಿ ಕಂದು ಚೀಲವನ್ನು ತಂದು ಅವರ ಮುಂದಿಟ್ಟಳು. ಹೊದಿಕೆ ಮಡಿಸಿದ ಹಾಗೇ ಇತ್ತು.

"ಕಾರು ಎಲ್ಲಿಗೆ ಬರ್ಬೇಕು ಅಂತ ಕೇಳಿ ಅಕ್ಕಾ" ಎಂದಳು. "ಅವರು ಹೋಗಿ ಎಂಟು ತಿಂಗಳಾಯ್ತು. ಇವರಿಗೆ ಗೊತ್ತೇ ಇಲ್ವಲ್ಲ."

ಸಚಿವರ ಬಾಯಿ ತೆರೆಯಿತು. ಮಾತು ಬರಲಿಲ್ಲ. ಹದಿನೆಂಟು ವರ್ಷ ಅಂಥ ಕಡೆಯಲ್ಲೆಲ್ಲ ಮಾತು ಕೊಟ್ಟಿದ್ದವಳು ಎದುರಿಗೇ ಇದ್ದಳು, ಕೊಡಲಿಲ್ಲ. ಪುಸ್ತಕವನ್ನು ಅವರ ಕಡೆ ತಿರುಗಿಸಿ, ಪಕ್ಕದಲ್ಲಿ ಹಳೆಯ ಚೀಟಿಯನ್ನೂ ಬಿಡಿಸಿಟ್ಟಳು. "ನಾಲ್ಕು ದಿನ ಎಲ್ಲಿ ಹೋಗಿದ್ದೆ ಅಂತ ಕೇಳಿದ್ರಲ್ಲ ಸಾರ್, ಅವನನ್ನ ಕಳಿಸೋಕೆ ಹೋಗಿದ್ದೆ. ನೀವೀಗ ಹೇಳಿದ್ದನ್ನ ಬರ್ಕೊಂಡಿದೀನಿ. ಓದಿ."

ಅವರು ಓದಿದರು. ತಾವಾಡಿದ ಮಾತನ್ನು ಅವರು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅದೇ ಮೊದಲು. ಓದಿ, ಎದ್ದು, ಚಪ್ಪಲಿ ಹುಡುಕಿಕೊಂಡು ಹೋದರು.

ಹನ್ನೊಂದಕ್ಕೆ ಸದನ ಸೇರಿತು. ಪೆನ್ಸಿಲಕ್ಕ ಎರಡು ನಿಮಿಷ ಮುಂಚೆಯೇ ಕೂತಿದ್ದಳು. ಸಚಿವರು ಎದ್ದರು: "ನಾನು, ಅಂದ್ರೆ, ಈಗ ನನ್ನ ಆರೋಗ್ಯ, ಆರೋಗ್ಯ ಸರಿ ಇಲ್ದೇ ಇರೋದ್ರಿಂದ, ಅದಕ್ಕೆ, ರಾಜೀನಾಮೆ, ಅಷ್ಟೇ."

ಅವಳು ಹಿಂದಿನ ಕೋಣೆಗೆ ಹೋಗಿ ಅದನ್ನು ಹಾಗೆಯೇ ಟೈಪು ಮಾಡಿದಳು.