ದಾಖಲಾತಿ ಪುಸ್ತಕದಲ್ಲಿ ನಾನು ಬರೆದ ಹೆಸರು

ಹೂಟಗಳ್ಳಿಯ ಒಂದು ಸಣ್ಣ ಶಾಲೆಯಲ್ಲಿ ನಾನು ಬಹಳ ವರ್ಷ ಪಾಠ ಹೇಳಿದೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯಿಂದ ಎರಡು ಬಸ್ಸು ಹತ್ತಿ ಇಳಿದು ಹೋಗಬೇಕಿತ್ತು. ನನ್ನ ಅಕ್ಷರ ದುಂಡಗಿದೆ ಅಂತ ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿನ ದಾಖಲಾತಿ ಬರೆಯುವ ಕೆಲಸವನ್ನು ನನಗೇ ಒಪ್ಪಿಸುತ್ತಿದ್ದರು.

ಒಂದು ವರ್ಷ, ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರೊಬ್ಬರು ಮಗಳನ್ನು ಸೇರಿಸಲು ಬಂದರು. ಇಸ್ತ್ರಿ ಮಾಡಿದ ಶರ್ಟು, ನೀಟಾಗಿ ಬಾಚಿದ ತಲೆ. ಹುಡುಗಿಯ ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅವತ್ತು ರಜೆ ಸಿಕ್ಕಿರಲಿಲ್ಲ. ಅವಳ ಬದಲು ಅಜ್ಜಿ ಬಂದಿದ್ದರು, ತಂದೆಯ ತಾಯಿ. ಕಡಕೊಳದ ಆಚೆಯ ಒಂದು ಹಳ್ಳಿಯವರು, ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಊರು ಬಿಟ್ಟು ಮಗನ ಮನೆಗೆ ಬಂದಿದ್ದರು.

ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇತ್ತು. ಹೆಸರೇನು ಅಂತ ಕೇಳಿದೆ. ತಂದೆ ನೆಲ ನೋಡಿದರು. ಅಜ್ಜಿ ಗಟ್ಟಿಯಾಗಿ ಹೇಳಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗ್ರಾಮದೇವತೆಯ ಹೆಸರಿನ ಕೊನೆಗೆ ‘ಅಮ್ಮ’ ಸೇರಿಸಿ ಇಡುತ್ತಿದ್ದರಲ್ಲ, ಅಂಥದ್ದು. ನನ್ನ ಚಿಕ್ಕಂದಿನಲ್ಲಿ ಬೀದಿಗೆ ಇಬ್ಬರು ಮೂವರು ಮುದುಕಿಯರಿಗೆ ಇರುತ್ತಿತ್ತು. ಆರು ವರ್ಷದ ಮಗುವಿಗೆ ಆ ಹೆಸರಿದ್ದದ್ದನ್ನು ನಾನು ಕೇಳಿರಲಿಲ್ಲ.

"ನಮ್ಮವ್ವನ ಹೆಸ್ರು ಕಣವ್ವ. ನಮ್ಮವ್ವನೇ ಉಟ್ಟಿ ಬಂದವ್ಳೆ" ಎಂದರು ಅಜ್ಜಿ.

ಪಕ್ಕದ ಮೇಜಿನಲ್ಲಿ ಕೂತಿದ್ದ ನನ್ನ ಸಹೋದ್ಯೋಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ಈ ಹೆಸರು ಕೇಳಿದ್ರೆ ನಮ್ಮನೇಲಿ ಪಾತ್ರೆ ತಿಕ್ಕೋಕೆ ಬರ್ತಿದ್ದೋಳು ಜ್ಞಾಪಕಕ್ಕೆ ಬರ್ತಾಳೆ ಕಣ್ರೀ" ಎಂದಳು. ನಾನು ನಕ್ಕೆ. ತಂದೆಗೆ ಅದು ಕೇಳಿಸಿರಬೇಕು.

ನಗುವುದಕ್ಕೆ ನನಗೇನೂ ಹಕ್ಕಿರಲಿಲ್ಲ. ನನ್ನ ಹೆಸರೂ ಹಳೆಯದೇ, ನನ್ನ ತಂದೆಯ ಅಜ್ಜಿಯದು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಕೆಮ್ಮುತ್ತಿದ್ದರು, ಉಳಿದವರು ಕಿಸಕ್ಕನೆ ನಗುತ್ತಿದ್ದರು. ಮೂರು ವರ್ಷ ತಲೆ ತಗ್ಗಿಸಿಕೊಂಡೇ "ಎಸ್ ಸಾರ್" ಅಂದಿದ್ದೇನೆ. ಈ ಮಗುವಿಗೆ ಹಾಗಾಗಬಾರದು ಎಂದು ನಿಜವಾಗಿಯೂ ಅನ್ನಿಸಿತು.

"ಮನೆಯಲ್ಲಿ ನಿಮಗೆ ಹೇಗೆ ಬೇಕೋ ಹಾಗೆ ಕರೀರಿ ಅಜ್ಜಿ. ಶಾಲೆಗೆ ಬೇರೆ ಹೆಸರಿರಲಿ. ಮಕ್ಕಳು ಆಡ್ಕೋತಾರೆ" ಎಂದೆ.

ತಂದೆಯ ಮುಖ ಅರಳಿತು. "ನಾನೂ ಅದೇ ಹೇಳ್ತಿದ್ದೆ ಮೇಡಂ, ಇವ್ರು ಕೇಳಲ್ಲ. ನೀವೇ ಒಂದು ಒಳ್ಳೇ ಹೆಸರು ಹೇಳಿ."

ಆ ವರ್ಷ ನಮ್ಮ ಕ್ಲಾಸಿನಲ್ಲೇ ಇನ್ನಿಬ್ಬರಿಗಿದ್ದ ಎರಡಕ್ಷರದ ಒಂದು ಹೆಸರು ಹೇಳಿದೆ. ತಂದೆ ಒಪ್ಪಿ ತಲೆಯಾಡಿಸಿದರು. ಬರೆದೆ. ಅಜ್ಜಿ ಮೊಮ್ಮಗಳ ಕೈ ಹಿಡಿದು ಎದ್ದರು. "ಬಾ ಅವ್ವ" ಎಂದು ಆ ಪುಟ್ಟ ಹುಡುಗಿಯನ್ನು ಕರೆದದ್ದು ನನಗೆ ಚೆನ್ನಾಗಿ ನೆನಪಿದೆ.

ಮೊದಲ ಕೆಲವು ವಾರ ಹಾಜರಿಯಲ್ಲಿ ಹೊಸ ಹೆಸರು ಕೂಗಿದರೆ ಹುಡುಗಿ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು. ಪಕ್ಕದವಳು ತಿವಿದ ಮೇಲೆ ಎದ್ದು ನಿಲ್ಲುತ್ತಿದ್ದಳು. ದಸರಾ ರಜೆ ಮುಗಿಯುವ ಹೊತ್ತಿಗೆ ರೂಢಿಯಾಯಿತು. ಯಾರೂ ಆಡಿಕೊಳ್ಳಲಿಲ್ಲ. ನಾನು ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ವಾರ ಶಾಲೆಗೆ ಬರಲಿಲ್ಲ. ವಾರ ಕಳೆದ ಮೇಲೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಜ್ಜಿ ಒಬ್ಬರೇ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತರು. ಕೂರಿ ಅಂದರೂ ಕೂರಲಿಲ್ಲ.

"ಮೇಡಮ್ಮೋರೆ, ಆ ಮಗೀನ ಹೆಸ್ರು ತಿರ್ಗಾ ಮೊದ್ಲಿನಂಗೇ ಬರ್ಕೊಬುಡಿ" ಎಂದರು.

ಈಗ ಯಾಕೆ ಎಂದು ಕೇಳಿದೆ. ಆಗ ಅವರು ಹೇಳಿದ್ದು ಇಷ್ಟು. ಹಿರಿಯರ ಹೆಸರಿಟ್ಟ ಮಗುವನ್ನು ಅವರ ಮನೆಯಲ್ಲಿ ಯಾರೂ ಬೈಯುವುದಿಲ್ಲ, ಹೆಸರು ಹಿಡಿದೂ ಕರೆಯುವುದಿಲ್ಲ, ‘ಅವ್ವ’ ಅಂತಲೇ ಕರೆಯುತ್ತಾರೆ. ಬೈದರೆ ಸತ್ತವರನ್ನು ಬೈದ ಹಾಗೆ. ಮಗನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹೆಂಡತಿಗೆ ಹೊಡೆಯುತ್ತಿದ್ದ. ಆದರೂ ಮಗಳ ಮೈ ಮುಟ್ಟಿರಲಿಲ್ಲ. ಶಾಲೆಯ ಹೆಸರು ಬಂದ ಮೇಲೆ ಮನೆಯಲ್ಲೂ ಅದೇ ಹೆಸರಿನಲ್ಲಿ ಕರೆಯಬೇಕು ಅಂತ ಹಟ ಹಿಡಿದ. ‘ಅವ್ವ’ ಅಂದರೆ ತಾಯಿಯ ಮೇಲೂ ರೇಗುತ್ತಿದ್ದ.

"ಆ ಹೆಸ್ರಿರೋಗಂಟ ನನ್ ಮಗ ಒಂದಿನಾನೂ ಅದ್ರ ಮೇಲೆ ಕೈ ಎತ್ನಿಲ್ಲ. ಈಗ ಎಂಗೆ ಬೇಕಾದ್ರೂ ಅಂತಾನೆ. ಮೊನ್ನೆ ಕೈ ತಿರುವ್ಬುಟ್ಟ. ಬಿದ್ದು ಮುರ್ಕೊಂಡ್ಳು ಅಂತ ಆಸ್ಪತ್ರೇಲಿ ಬರ್ಸವ್ನೆ."

ನಾನು ಆಗ ಏನು ಹೇಳಿದೆ ಎನ್ನುವುದನ್ನು ಯಾರಿಗೂ ಹೇಳಿಕೊಂಡಿಲ್ಲ. "ಅಜ್ಜಿ, ಅದು ಈಗ ಆಗಲ್ಲ. ದಾಖಲಾತಿಯಲ್ಲಿ ಹೆಸರು ತಿದ್ದೋದು ಅಂದ್ರೆ ಅಫಿಡವಿಟ್ ಮಾಡಿಸ್ಬೇಕು, ತಂದೆ ಸಹಿ ಬೇಕು, ಆಫೀಸಿಗೆ ಓಡಾಡ್ಬೇಕು" ಎಂದೆ.

"ನೀವು ಪೆನ್ನಲ್ ತಾನೇ ಬರ್ದಿದ್ದು?" ಎಂದರು ಅಜ್ಜಿ. ಅದರಲ್ಲಿ ಕೊಂಕಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ನಾನು ಮತ್ತೆ ಅದನ್ನೇ ವಿವರಿಸಿದೆ. ಹೆಸರು ತಿದ್ದುವುದು ಎಷ್ಟು ಕಷ್ಟ ಅಂತ ಹತ್ತು ನಿಮಿಷ ಮಾತಾಡಿದೆನೇ ಹೊರತು ಹುಡುಗಿ ಹೇಗಿದ್ದಾಳೆ, ಊಟ ಮಾಡುತ್ತಾಳಾ ಅಂತ ಒಂದು ಮಾತು ಕೇಳಲಿಲ್ಲ. ಬೆಲ್ ಹೊಡೆಯಿತು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಓಗ್ಲಿ ಬುಡಿ" ಎಂದು ಹೋದರು.

ಮನಸ್ಸು ತಡೆಯದೆ ಎರಡು ದಿನ ಬಿಟ್ಟು ಆ ತಂದೆಯನ್ನು ಕರೆಸಿದೆ. ಅದೇ ಇಸ್ತ್ರಿ ಶರ್ಟು, ಅದೇ ವಿನಯ. "ಮಕ್ಕಳು ಅಂದ್ಮೇಲೆ ಬೀಳ್ತಾರೆ ಮೇಡಂ. ನಮ್ಮವ್ವಂಗೆ ವಯಸ್ಸಾಯ್ತು, ಏನೇನೋ ಹೇಳ್ತಾರೆ" ಎಂದರು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಎದುರಾಡುವ ಧೈರ್ಯ ಬರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಮನೆ ವಿಷಯ, ನಮಗ್ಯಾಕೆ ಎಂದರು. ನಾನೂ ಸುಮ್ಮನಾದೆ. ಆ ವರ್ಷದ ಕೊನೆಯಲ್ಲಿ ಹುಡುಗಿಯ ತಂದೆ ಟಿ.ಸಿ. ತೆಗೆದುಕೊಂಡು ಮಗಳನ್ನು ಬೇರೆಲ್ಲಿಗೋ ಸೇರಿಸಿದರು.

ಹೋದ ವರ್ಷ, ನಿವೃತ್ತಿಯ ಯಾವುದೋ ಕಾಗದಕ್ಕಾಗಿ ಶಾಲೆಗೆ ಹೋಗಿ ಬರುವಾಗ ಬಸ್ ಸ್ಟಾಪಿನಲ್ಲಿ ಯಾರೋ "ಮಿಸ್" ಎಂದರು. ಕತ್ತಿನಲ್ಲಿ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡ ಯುವತಿ. ಚೀಟಿಯ ಮೇಲೆ ನಾನು ಬರೆದ ಹೆಸರಿತ್ತು. ಗುರುತು ಸಿಕ್ಕಿತು. ಬಲಗೈ ಮಣಿಕಟ್ಟು ನೆಟ್ಟಗೆ ಕೂಡಿಕೊಂಡಿರಲಿಲ್ಲ. ಬ್ಯಾಗನ್ನು ಎಡಗೈಗೆ ಬದಲಾಯಿಸಿಕೊಂಡಳು.

ಜೊತೆಯ ಹುಡುಗಿಯರೊಂದಿಗೆ ರೂಮು ಮಾಡಿಕೊಂಡಿದ್ದಾಳಂತೆ. ಅಮ್ಮ ಆಗಾಗ ಬಂದು ಹೋಗುತ್ತಾಳೆ. ಅಪ್ಪನ ಜೊತೆ ಮಾತಿಲ್ಲ. ಅಜ್ಜಿ, ಅವಳು ಏಳನೇ ಕ್ಲಾಸಿನಲ್ಲಿದ್ದಾಗಲೇ ಊರಿಗೆ ವಾಪಸ್ಸು ಹೋಗಿ ಅಲ್ಲೇ ತೀರಿಕೊಂಡರಂತೆ.

ನಾನು ತಡವರಿಸುತ್ತಾ, "ನಿನ್ನ ಹೆಸರು ನಾನು ಬದಲಾಯಿಸಬಾರದಿತ್ತಮ್ಮ" ಎಂದೆ.

ಅವಳಿಗೆ ಆಶ್ಚರ್ಯವಾಯಿತು. "ಅಯ್ಯೋ ಯಾಕ್ ಮಿಸ್? ಆ ಹೆಸರಿಟ್ಕೊಂಡು ಇಲ್ಲಿ ಕೆಲಸಕ್ಕೆ ಬರೋಕಾಗ್ತಿತ್ತಾ? ನಂಗೆ ಅದು ಮೊದಲಿಂದಾನೂ ಇಷ್ಟ ಇರ್ಲಿಲ್ಲ. ಅಜ್ಜಿ ‘ಅವ್ವ’ ಅಂತ ಕರೆದ್ರೆ ನಾನು ಓ ಅಂತಾನೇ ಇರ್ಲಿಲ್ಲ, ಕೊನೆಕೊನೆಗೆ."

ಹಾಗೆಂದು ರಸ್ತೆಯ ಕಡೆ ತಿರುಗಿದಳು. "ಊರಿಗೆ ಹೋಗೋ ದಿನಾನೂ ಕರೆದ್ರು" ಎಂದಳು.

ಕಂಪನಿಯ ಬಸ್ಸು ಬಂತು. "ಬರ್ತೀನಿ ಮಿಸ್" ಎಂದು ಹತ್ತಿ ಕೂತಳು. ಒಳಗಿದ್ದ ಹುಡುಗಿಯರು ಏನೋ ಅಂದರು, ಅವಳು ನಕ್ಕಳು. ನನ್ನ ಬಸ್ಸು ಬಂದಾಗ ಹತ್ತುವ ಮನಸ್ಸಾಗಲಿಲ್ಲ. ಅದನ್ನು ಬಿಟ್ಟು, ಅದರ ಹಿಂದಿನದನ್ನೂ ಬಿಟ್ಟು, ಕಲ್ಲುಬೆಂಚಿನ ಮೇಲೆ ಕೂತೇ ಇದ್ದೆ.